ಅಸ್ಸಿಯಲ್ಲಿ ಎಣ್ಣೆ ನೋಡಿದ್ದು

ಕಾಶಿಗೆ ಹೋಗಿಬಂದವರು ವಿಶ್ವನಾಥನ ದರ್ಶನವನ್ನೋ ಗಂಗಾರತಿಯ ಸೊಗಸನ್ನೋ ಬರೆಯುವುದು ವಾಡಿಕೆ. ನನಗಾದರೋ ಕಾಶಿಯೆಂದೊಡನೆ ಮೊದಲು ನೆನಪಾಗುವುದು, ಕಾರಿನ ಬಾನೆಟ್ಟು ತೆರೆದುಕೊಂಡು ಅಸ್ಸಿಯ ಬೀದಿಯಲ್ಲಿ ನಿಂತ ಒಂದು ಮಾಘಮಾಸದ ಬೆಳಗು. ಓದುಗರು ನಗಬಾರದು.

ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಮಂಡಿನೋವಿನಿಂದ ರೈಲು ಹತ್ತಲಾರರು, ವಿಮಾನವೆಂದರೆ ಒಲ್ಲರು. "ನಿನ್ನ ಕಾರಿನಲ್ಲೇ ಕರೆದುಕೊಂಡು ಹೋಗೋ, ನಿಧಾನವಾಗಿಯೇ ಹೋಗೋಣ" ಎಂದರು. ಬೆಂಗಳೂರಿನಿಂದ ಸುಮಾರು 1800 ಕಿಲೋಮೀಟರು. ಹಿಂದೆ 7ನೆಯ ನಂಬರಿನ ಹೆದ್ದಾರಿಯು ಕಾಶಿಯಿಂದ ಕನ್ಯಾಕುಮಾರಿಯವರೆಗೆ ಒಂದೇ ದಾರವಾಗಿತ್ತು. ನಮ್ಮೂರು ಅದರಲ್ಲಿ ಪೋಣಿಸಿದ ಒಂದು ಮಣಿ. 2010ರಲ್ಲಿ ನಂಬರುಗಳನ್ನು ಬದಲಿಸಿದರು, ರಸ್ತೆ ಮಾತ್ರ ಇದ್ದಲ್ಲೇ ಇದೆ. ಹೈದರಾಬಾದು, ನಾಗಪುರ, ಜಬಲ್ಪುರ ದಾಟಿ ನಾಲ್ಕು ದಿನದ ಪಯಣ.

ನನ್ನದು ಹಳೆಯ ಕಾರು, ಆಟೋಮ್ಯಾಟಿಕ್ ಗೇರಿನದು. ದಾರಿಯಲ್ಲಿ ಒಂದು ಊರಿನಲ್ಲಿ ರಾತ್ರಿ ತಂಗಿದ್ದೆವು. ಬೆಳಗ್ಗೆ ಕೊರೆಯುವ ಚಳಿಯಲ್ಲಿ ಗ್ಯಾರೇಜಿನ ಹುಡುಗನೊಬ್ಬ ಗೇರಿನ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಿ, "ಎಣ್ಣೆ ಕಡಮೆ ಇದೆ ಸಾಹೇಬರೇ" ಎಂದು ಒಂದು ಲೀಟರು ಸುರಿದೇಬಿಟ್ಟ. ನಾನೂ ಬೇಡವೆನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಏರು ಬಂದಲ್ಲೆಲ್ಲ ಎಂಜಿನ್ನು ಕೂಗುವುದು, ಕಾರು ಮಾತ್ರ ಹಿಂದೇಟು ಹಾಕುವುದು. ಗೇರುಪೆಟ್ಟಿಗೆ ಕೆಟ್ಟರೆ ಲಕ್ಷದ ಮಾತು; ಅದಕ್ಕಿಂತ, ತಾಯಿಯವರನ್ನು ಊರಿಗೆ ಸೇರಿಸುವುದು ಹೇಗೆ? "ಕಾಶಿಯಲ್ಲೇ ಉಳಿಯಬೇಕಾದರೂ ನನಗೇನೂ ದುಃಖವಿಲ್ಲ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅಸ್ಸಿಯಲ್ಲಿ ಇಳಿದುಕೊಂಡದ್ದಕ್ಕೆ ಕಾರಣವುಂಟು. ಹಳೆಯ ಘಟ್ಟಗಳ ಸಾಲಿನ ದಕ್ಷಿಣದ ತುದಿ ಇದು. ನಡುವಣ ಘಟ್ಟಗಳಿಗೆ ಗಲ್ಲಿಗಳಲ್ಲಿ ನಡೆದೇ ಹೋಗಬೇಕು. ಇಲ್ಲಿ ಕಾರು ಹೊಳೆಯ ಸಮೀಪದವರೆಗೂ ಬರುತ್ತದೆ. ಉತ್ತರದ ವರುಣಾ, ದಕ್ಷಿಣದ ಅಸ್ಸಿ, ಇವೆರಡರ ನಡುವಿನದು ವಾರಾಣಸಿ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅಸ್ಸಿ ಹೊಳೆಯನ್ನು ನಗವಾದ ಕಡೆಗೆ ತಿರುಗಿಸಿಬಿಟ್ಟಿದ್ದಾರೆ. ಘಟ್ಟದಲ್ಲಿ ಉಳಿದಿರುವುದು ಹೆಸರು ಮಾತ್ರ. ಪಕ್ಕದಲ್ಲೇ ತುಲಸೀದಾಸರು ವಾಸವಾಗಿದ್ದರೆಂಬ ಘಟ್ಟ. ಇನ್ನೂ ಸ್ವಲ್ಪ ಉತ್ತರಕ್ಕೆ ಹಳೆಯ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಟ್ಟವೂ ಇದೆ. ಆ ಹೆಸರು ಕಂಡಾಗ ತಾಯಿಯವರಿಗೆ ತವರಿನವರು ಸಿಕ್ಕಷ್ಟು ಹಿಗ್ಗು.

ಮರುದಿನ ಇಳಿದುಕೊಂಡ ಮನೆಯವರು ಒಬ್ಬ ಮುದುಕ ಮಿಸ್ತ್ರಿಯನ್ನು ಕರೆಸಿದರು. ಆತ ಬಾನೆಟ್ಟನ್ನು ಮುಟ್ಟಲೇ ಇಲ್ಲ. "ಹೊಳೆಯ ಕಡೆಗೆ ಇಳಿಜಾರಿನಲ್ಲಿ ನಿಲ್ಲಿಸಿದ್ದೀರಿ. ಎಣ್ಣೆಯೂ ನೀರಿನ ಜಾತಿಯೇ, ತಗ್ಗಿಗೆ ಸರಿಯುತ್ತದೆ. ಕಡ್ಡಿ ಸುಳ್ಳು ಹೇಳುತ್ತದೆ" ಎಂದ. ಆಮೇಲೆ ನನ್ನ ಪಕ್ಕದಲ್ಲಿ ಕುಳಿತು, ಲಂಕಾ ದಾಟಿ ಹಿಂದೂ ವಿಶ್ವವಿದ್ಯಾಲಯದ ವಿಶಾಲವಾದ ರಸ್ತೆಗಳಲ್ಲಿ ಇಪ್ಪತ್ತು ನಿಮಿಷ ಸುತ್ತಿಸಿದ. ಮಾಳವೀಯರ ತೋಪುಗಳನ್ನು ಹೀಗಾದರೂ ನೋಡಿದಂತಾಯಿತು.

ಹಿಂದಿರುಗಿ ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸದೆ, ಕೈಬ್ರೇಕು ಎಳೆಸಿ, ಕಾಲು ಬ್ರೇಕಿನ ಮೇಲೆಯೇ ಇಡಿಸಿದ. ಗೇರಿನ ಸನ್ನೆಯನ್ನು ಒಂದೊಂದು ಸ್ಥಾನದಲ್ಲೂ ಕ್ಷಣಕಾಲ ನಿಲ್ಲಿಸಿ ಮತ್ತೆ 'ಪಿ'ಗೆ ತರಿಸಿದ. ಒಳಗಿನ ದಾರಿಗಳೆಲ್ಲ ಎಣ್ಣೆಯಿಂದ ತುಂಬಬೇಕಂತೆ. ಎಂಜಿನ್ನು ನಿಂತರೆ ಮೇಲಿನ ಎಣ್ಣೆ ತಳದ ತೊಟ್ಟಿಗೆ ಇಳಿದು, ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಕಡ್ಡಿಯನ್ನು ಎಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಇಳಿಸಿ ಮತ್ತೆ ಎಳೆದ. ಎಣ್ಣೆ 'ಹಾಟ್' ಗುರುತಿನಿಂದ ಒಂದು ಬೆರಳು ಮೇಲಿತ್ತು; ಕಡ್ಡಿಯ ತುಂಬ ನೊರೆ.

ಸಂಗತಿ ಇಷ್ಟೇ. ಕಡ್ಡಿಯಲ್ಲಿ ತಣ್ಣಗಿದ್ದಾಗಿನ ಗುರುತು ಬೇರೆ, ಬಿಸಿಯಾದಾಗಿನದು ಬೇರೆ. ಬಿಸಿಯ ಗುರುತು ಎಣ್ಣೆ ಸುಮಾರು 70-80 ಡಿಗ್ರಿ ಕಾದಾಗ ನೋಡುವಂಥದ್ದು. ಕಾದ ಎಣ್ಣೆ ಉಬ್ಬುತ್ತದೆ. ಹುಡುಗ ಚಳಿಯ ಎಣ್ಣೆಯನ್ನು ಬಿಸಿಯ ಗುರುತಿಗೆ ಹೋಲಿಸಿ ಸುರಿದಿದ್ದ. ಹೆಚ್ಚಾದ ಎಣ್ಣೆಯನ್ನು ಒಳಗೆ ತಿರುಗುವ ಭಾಗಗಳು ಕಡೆದು ನೊರೆಮಾಡುತ್ತವೆ. ನೊರೆಯಲ್ಲಿ ಗಾಳಿ, ಗಾಳಿಗೆ ಒತ್ತಡವಿಲ್ಲ, ಒತ್ತಡವಿಲ್ಲದೆ ಕ್ಲಚ್ಚು ಹಿಡಿಯದು. ಮಜ್ಜಿಗೆ ಕಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಯವರು ನನಗಿಂತ ಮೊದಲೇ ತಲೆದೂಗಿದರು.

ಮಿಸ್ತ್ರಿ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. ಕೆಂಪು ಮಾಸಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. "ಬದುಕಿದಿರಿ" ಎಂದ. ಕಡ್ಡಿಯ ಕೊಳವೆಯೊಳಗೆ ಸಣ್ಣ ಪೈಪು ಇಳಿಸಿ, ಪಿಚಕಾರಿಯಂಥ ಸಾಧನದಿಂದ ಎಳೆದು, ಲೀಟರಿಗೆ ಸ್ವಲ್ಪ ಕಡಮೆ ಎಣ್ಣೆಯನ್ನು ಹೊರತೆಗೆದ. ಎಂದಮೇಲೆ ಮೊದಲು ಕೊರತೆಯೇ ಇರಲಿಲ್ಲವೆನ್ನಬಹುದು!

ನೊರೆ ಇಳಿಯುವವರೆಗೆ ಕಾಯಬೇಕೆಂದ. ನಾವು ಘಟ್ಟದತ್ತ ಹೋಗಿ ಕುಳಿತೆವು. ಗಂಗೆ ಬಹಳ ಕೆಳಗಿದ್ದಳು. ಇಲ್ಲಿ ಅಪಾಯದ ಮಟ್ಟ 71.26 ಮೀಟರು, 1978ರ ಸೆಪ್ಟೆಂಬರಿನಲ್ಲಿ 73.90ಕ್ಕೆ ಏರಿತ್ತು. ಮೆಟ್ಟಿಲುಗಳ ಮೇಲೆ ದೃಷ್ಟಿಯಿಂದಲೇ ಆ ನೀರನ್ನು ಏರಿಸಿ ನೋಡಿದೆ; ನಾವು ಕುಳಿತ ಜಾಗ ಮುಳುಗಿಹೋಯಿತು.

ತಿರುಗಿ ಬಂದು ಮತ್ತೆ ಕಾಯಿಸಿ, ಮತ್ತೆ ಅದೇ ಕ್ರಮ. ಎಣ್ಣೆ ಗುರುತುಗಳ ನಡುವೆ ನಿಂತಿತು, ನೊರೆಯಿಲ್ಲ. ಒಂದು ಮಾತು: ಇದು ಎಲ್ಲ ಕಾರಿಗೂ ಹೊಂದದು. ಕೆಲವು ತಯಾರಕರು ಎಂಜಿನ್ನು ಆರಿಸಿದ ಒಂದೂವರೆ ನಿಮಿಷದೊಳಗೆ ನೋಡಬೇಕೆನ್ನುತ್ತಾರೆ. ಹೊಸ ಕಾರುಗಳು ಅನೇಕಕ್ಕೆ ಕಡ್ಡಿಯೇ ಇಲ್ಲ. ಕೆಳಗಿನ ಬಿರಡೆ ತೆಗೆದು, ಹೇಳಿದ ಉಷ್ಣತೆಯಲ್ಲಿ ನೋಡಬೇಕು. ಕಾರಿನೊಡನೆ ಬಂದ ಪುಸ್ತಕವನ್ನು ನೋಡದೆ ಯಾರಿಗೂ ಸುರಿಯಗೊಡಬೇಡಿ; ಎಣ್ಣೆಯ ಜಾತಿಯೂ ಅದರಲ್ಲೇ ಇರುತ್ತದೆ.

ಮೂರು ದಿನದ ನಂತರ ಗಂಗಾಜಲದ ಗಿಂಡಿಯೊಡನೆ ಹೊರಟೆವು. ಮಿರ್ಜಾಪುರ ದಾಟಿ, ಡ್ರಮಂಡ್‌ಗಂಜಿನ ಘಾಟಿಯ ಏರು ಬಂತು. ನಾನು ಉಸಿರು ಹಿಡಿದು ಕುಳಿತೆ. ಕಾರು ಸದ್ದಿಲ್ಲದೆ ಹತ್ತಿತು.

"ಸರಿಹೋಯಿತೇನೋ?" ಎಂದರು ತಾಯಿಯವರು.

"ಆಯಿತಮ್ಮ."

"ಹಾಗಾದರೆ ನಾಗಪುರದಲ್ಲಿ ಒಂದು ಬುಟ್ಟಿ ಕಿತ್ತಳೆ ಕೊಳ್ಳೋಣ" ಎಂದು ಅವರು ಸೆರಗು ಹೊದೆದು ಮಲಗಿದರು.