ಚಿಪ್ಪಗಿರಿಯ ದಾರಿಯಲ್ಲಿ ಗೋಧಿಯಿಲ್ಲದ ಊಟ

1755ರಲ್ಲಿ ವಿಜಯದಾಸರು ಹರಿಪಾದ ಸೇರಿದ ಚಿಪ್ಪಗಿರಿಯ ಕಟ್ಟೆಯನ್ನು ಕಾಣಲೆಂದು ಮಗಳೊಡನೆ ಗುಂತಕಲ್ಲಿನಲ್ಲಿ ರೈಲಿಳಿದೆ. ಅವಳಿಗೆ ಸೀಲಿಯಾಕ್ ಬಾಧೆ; ಗೋಧಿಯ ತುಸು ಅಂಶ ಸೇರಿದರೂ ಸಣ್ಣ ಕರುಳು ಘಾಸಿಗೊಳ್ಳುತ್ತದೆ. ಪೂರಿ, ಪರೋಟ, ಉಪ್ಪಿಟ್ಟುಗಳು ಕಣ್ಣಿಗೆ ಕಾಣುವ ವೈರಿಗಳು; ಅವುಗಳಿಂದ ದೂರವಿರುವುದು ಸುಲಭ. ನಮ್ಮ ಮಂಡಕ್ಕಿ ಒಗ್ಗರಣೆಯೇ ಇಲ್ಲಿ ಉಗ್ಗಾಣಿ. ಅದಕ್ಕೆ ಜೊತೆ ಮೆಣಸಿನಕಾಯಿ ಬಜ್ಜಿ. ಬಜ್ಜಿಯ ಹಿಟ್ಟು ಕಡಲೆಯದಾದರೂ ಅದೇ ಎಣ್ಣೆಯಲ್ಲಿ ಮೈದಾ ಬೋಂಡಾ ಬೆಂದಿತ್ತು; ಬಜ್ಜಿಯನ್ನು ಬಿಟ್ಟೆವು.

ಮಧ್ಯಾಹ್ನ ಚಿಕ್ಕದೊಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಕೇಳಿದೆವು. “ಸಾರಿಗೆ ಇಂಗು ಹಾಕಿದ್ದೀರಾ, ಅಮ್ಮಾ?” ಎಂದೆ. ಆಕೆ ಡಬ್ಬಿಯನ್ನೇ ತಂದಿಟ್ಟರು. ಕೂಟಿಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ. ಡಬ್ಬಿಯ ಮೇಲೆ ಹಾಗೆಯೇ ಅಚ್ಚಾಗಿತ್ತು. “ಅಯ್ಯೋ, ಇದರೊಳಗೂ ಗೋಧಿಯೇ?” ಎಂದ ಆಕೆ, ಹಂಚನ್ನು ತೊಳೆದು, ಹಲಗೆಗೆ ಜೋಳದ ಹಿಟ್ಟನ್ನೇ ಉದುರಿಸಿ ರೊಟ್ಟಿ ತಟ್ಟಿದರು, ಜೊತೆಗೆ ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟರು.

ಸಂಜೆ ಕಟ್ಟೆಯೆದುರು ಮಗಳು ನೋವಿಲ್ಲದೆ ಕುಳಿತಿದ್ದಳು. ಪರವೂರಿನಲ್ಲಿ ಉಣ್ಣುವವರು ತಿನಿಸಿನ ಹೆಸರನ್ನಷ್ಟೇ ಕೇಳಿದರೆ ಸಾಲದು. ಎಣ್ಣೆ, ಹಂಚು, ಇಂಗುಗಳನ್ನೂ ವಿಚಾರಿಸಬೇಕು. ಕೇಳಲು ಸಂಕೋಚಪಟ್ಟಿದ್ದರೆ ಆ ಸಂಜೆ ನಮ್ಮ ಪಾಲಿಗೆ ಇರುತ್ತಿರಲಿಲ್ಲ.