ಒಂದೇ ತಳಿಯ ಹೊಲ

ನಿನ್ನೆ ಬೆಳಿಗ್ಗೆ ಮೋಡ ಕವಿದಿತ್ತು. ಆಲೂಗಡ್ಡೆ ಎಲೆ ತಿರುವಿ ನೋಡಿದೆ: ಅಂಚಲ್ಲಿ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಅಂಗಮಾರಿ. ನಮ್ಮ ಹಾಸನದ ಕಡೆಯವರಿಗೆ ಬಿಡಿಸಿ ಹೇಳೋದೇ ಬೇಡ.

ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಿತ್ತು. ಅಲ್ಲಿನ ಬಡವರಿಗೆ ಇದ್ದದ್ದು ತುಂಡು ಜಮೀನು. ಅಷ್ಟರಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸೋ ಬೆಳೆ ಆಲೂಗಡ್ಡೆ ಒಂದೇ. ಅದರಲ್ಲೂ ಬಹುಪಾಲು ಲಂಪರ್ ಅನ್ನೋ ತಳಿ. ಗಡ್ಡೆ ನೆಲದಲ್ಲೇ ಕೊಳೆಯಿತು. ಧಾನ್ಯ ಮಾತ್ರ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. ಏಳು ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹತ್ತಿರಹತ್ತಿರ ಅಷ್ಟೇ ಜನ ದೇಶ ಬಿಟ್ಟರು.

ಆಲೂಗಡ್ಡೆಯನ್ನ ನಾವು ಗಡ್ಡೆಯಿಂದಲೇ ಬೆಳೀತೀವಿ. ಹಾಗಾಗಿ ಒಂದೇ ತಳಿ ಅಂದ್ರೆ ಇಡೀ ಹೊಲವೇ ಒಂದು ಗಿಡ ಇದ್ದಂಗೆ. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತೆ. ಈ ಬೆಳೆಯ ತವರು ಆಂಡಿಸ್ ಬೆಟ್ಟಗಳಲ್ಲಿ ರೈತರು ಇವತ್ತಿಗೂ ಒಂದೇ ಹೊಲದಲ್ಲಿ ಹಲವು ತಳಿ ಬೆರೆಸಿ ನೆಡ್ತಾರೆ. ಒಂದು ಹೋದ್ರೆ ಇನ್ನೊಂದು ಉಳೀಲಿ ಅಂತ.

ನನ್ನ ಎರಡು ಎಕರೆಯಲ್ಲೂ ಕುಫ್ರಿ ಜ್ಯೋತಿ ಒಂದೇ. ಪಕ್ಕದವರದೂ ಅದೇ. ಇವತ್ತು ಔಷಧಿ ಹೊಡೆದೆ, ಉಳಿದಷ್ಟು ಉಳೀಲಿ. ಮುಂದಿನ ಸಲ ಅರ್ಧ ಎಕರೆಗಾದ್ರೂ ಬೇರೆ ತಳಿ ಹಾಕ್ತೀನಿ, ಒಂದು ಪಟ್ಟೆ ರಾಗಿ. ನಿಮ್ಮಲ್ಲಿ ಯಾರಾದ್ರೂ ಬೇರೆ ತಳಿ ಹಾಕಿದ್ರೆ ಹೇಗೆ ಬಂತು ಹೇಳಿ.