ಗೋಡೆಯ ಮೇಲಿನ ಯುದ್ಧ, ಅಂಗೈಯೊಳಗಿನ ಲಿಂಗ

ನಮ್ಮ ಸೋದರನ ಮಗಳು ಮೈಸೂರಿನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ವ್ಯಾಸಂಗದಲ್ಲಿದ್ದಾಳೆ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸುವ ಅಜ್ಜಿಯ ಚಿತ್ರವನ್ನು ಅಂತಿಮ ವರ್ಷದ ಪ್ರದರ್ಶನಕ್ಕೆ ಬರೆಯುವೆನೆಂದಾಗ ಮನೆಯ ಹಿರಿಯರು ಒಪ್ಪಲಿಲ್ಲ. ಏಕಾಂತದ ಪೂಜೆ ನೋಟದ ವಸ್ತುವಾಗಬಾರದೆಂದು ನಾವೂ ಹೇಳಿದೆವು. ಅವಳು ವಾದಿಸದೆ, “ಎರಡು ದಿನ ನಮ್ಮೊಡನೆ ಬನ್ನಿ” ಎಂದಳು. ಅಧಿಕಾರ, ಅಸ್ಮಿತೆ, ನಂಬಿಕೆಗಳು ಕಲೆಯಲ್ಲಿ ಹೇಗೆ ಮೂಡುತ್ತವೆಂದು ಅರಿಯಲು ಆಕೆಯೂ ಮೂವರು ಸಹಪಾಠಿಗಳೂ ಮಂಡ್ಯ ಜಿಲ್ಲೆಯ ಪ್ರವಾಸ ಹೊರಟಿದ್ದರು.

ಮೊದಲು ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಿಗೆಯರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ದಂಡನ್ನು ಮುರಿದ ಪ್ರಸಂಗವದು. 1799ರಲ್ಲಿ ಟಿಪ್ಪು ಮಡಿದ ಬಳಿಕ ಇಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿ, ತನ್ನವರ ಸೋಲಿನ ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿಸಿದನು. ಅತ್ತ ಲಂಡನ್ನಿನಲ್ಲಿ 1800ರಲ್ಲಿ ಕೋಟೆ ಬಿದ್ದ ದೃಶ್ಯದ ಬೃಹತ್ ಚಿತ್ರವನ್ನು ರಾಬರ್ಟ್ ಕರ್ ಪೋರ್ಟರ್ ಪ್ರದರ್ಶನಕ್ಕಿಟ್ಟನು. “ಗೆದ್ದವರೆಲ್ಲರಿಗೂ ಚಿತ್ರಗಾರ ಬೇಕು” ಎಂದನೊಬ್ಬ ವಿದ್ಯಾರ್ಥಿ.

ಮುಂದೆ ಪಾಂಡವಪುರ. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಒಮ್ಮೆ ‘ಫ್ರೆಂಚ್ ರಾಕ್ಸ್’ ಎನಿಸಿದ್ದ ಊರಿದು. ಇಂದು ಜನರು ಪಾಂಡವರ ಹೆಸರಿನಿಂದ ಕರೆಯುತ್ತಾರೆ. ಬಂಡೆಗಳು ಅವೇ, ಹೆಸರು ಮಾತ್ರ ಬೇರೆ. ಕುಂತಿಬೆಟ್ಟದ ನೆರಳಿನಲ್ಲಿ ಕುಳಿತು ಮಕ್ಕಳು ರೇಖಾಚಿತ್ರಗಳನ್ನು ಬರೆದುಕೊಂಡರು.

ಮರುದಿನ ಕೃಷ್ಣರಾಜಪೇಟೆ ತಾಲ್ಲೂಕು. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಸ್ತ್ರೀ. ಅಲ್ಲಿ ನಮ್ಮ ಹುಡುಗಿ ಬಹಳ ಹೊತ್ತು ನಿಂತಳು. ಗೋವಿಂದನಹಳ್ಳಿಯಲ್ಲಿ ಸಾಲಾಗಿ ನಿಂತ ಐದು ಗರ್ಭಗುಡಿಗಳ ಪಂಚಲಿಂಗೇಶ್ವರನನ್ನು ಕಂಡು ಕೈಮುಗಿದೆವು. ಅಲ್ಲಿನ ಶಿಲ್ಪದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಉಳಿದಿದೆ. ದರಿಯಾ ದೌಲತ್ತಿನ ಚಿತ್ರಗಾರರ ಹೆಸರು ನಮಗೆ ತಿಳಿಯದು. ಇಲ್ಲಿ ಉಳಿ ಹಿಡಿದ ಕೈಯ ಹೆಸರನ್ನು ಕಲ್ಲು ಏಳು ಶತಮಾನಗಳಿಗೂ ಮೀರಿ ಕಾಪಾಡಿದೆ.

ಕೊನೆಗೆ, ಲೋಹವಿಗ್ರಹಗಳಿಗೆ ಹೆಸರಾದ ನಾಗಮಂಗಲ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಎರೆಯುವ ವಿಧಾನವನ್ನು ವೃದ್ಧ ಶಿಲ್ಪಿಯೊಬ್ಬರು ವಿವರಿಸಿದರು. ಅಚ್ಚನ್ನು ಒಡೆದರಷ್ಟೇ ಮೂರ್ತಿ ಹೊರಬರುತ್ತದೆ. ಪೂಜೆಗೊಳ್ಳುವ ವಸ್ತುವನ್ನು ಮಾಡುವಾಗ ಭಯವಿಲ್ಲವೇ ಎಂದು ಹುಡುಗಿ ಕೇಳಿದಳು. “ಭಯವಿದೆ, ತಾಯಿ. ಅದಿರುವುದರಿಂದಲೇ ಕೈ ಎಚ್ಚರವಾಗಿರುತ್ತದೆ” ಎಂದರು ಅವರು.

ಹಿಂದಿರುಗುವಾಗ ಅವಳು ತನ್ನ ಪುಸ್ತಕವನ್ನು ತೆರೆದು ತೋರಿದಳು. ಅದರಲ್ಲಿ ಲಿಂಗವಿರಲಿಲ್ಲ, ಅಜ್ಜಿಯ ಬಾಗಿದ ಕೊರಳು, ಗಂಟುಗಟ್ಟಿದ ಬೆರಳುಗಳು, ಸೆರಗಿನ ಮರೆಯಲ್ಲಿ ಅಂಗೈ ಇದ್ದವು. ಅರಸರು ತಮ್ಮ ಗೆಲುವನ್ನು ಗೋಡೆಯಗಲ ಬರೆಸಿದರು. ಈ ಮಗು ಅಜ್ಜಿಯ ನಿಷ್ಠೆಯನ್ನು ಒಂದು ಹಾಳೆಯಲ್ಲಿ ಬರೆದಿತ್ತು. ನಮ್ಮ ಆಕ್ಷೇಪಣೆ ಅವಳನ್ನು ತಡೆದಿರಲಿಲ್ಲ. ಅವಳ ಕೈಯನ್ನು ಎಚ್ಚರಿಸಿತ್ತು.

ಮನೆಗೆ ಬಂದು ಆ ಹಾಳೆಯನ್ನು ಮೊದಲು ಅಜ್ಜಿಗೇ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ನನ್ನ ಕೈ ಇಷ್ಟು ಮುದಿಯಾಯಿತೇ?” ಎಂದು ನಕ್ಕರು. ಚಿತ್ರ ಪ್ರದರ್ಶನಕ್ಕೆ ಹೋಗಬಹುದೆಂದು ಅಪ್ಪಣೆ ಕೊಟ್ಟವರೂ ಅವರೇ. ಕಲೆಯನ್ನು ಅರಸಿ ಹೋಗುವ ಮಕ್ಕಳು ನಮ್ಮ ಮನೆಗಳಲ್ಲಿ ಇದ್ದರೆ, ಬೇಡವೆನ್ನುವ ಮುನ್ನ ಅವರೊಡನೆ ಎರಡು ದಿನ ನಡೆದು ಬರುವುದು ಒಳ್ಳೆಯದು.